ಬಸ್‌ಸ್ಟ್ಯಾಂಡ್ ಗೋಡೆಗೊಂದು ಕೌದಿ

ಧಾರವಾಡದ ಕಡೆ ಹಳೇ ಸೀರೆ ಎಸೆಯೋರು ಕಡಿಮೆ, ಅವನ್ನೇ ಪದರ ಪದರವಾಗಿ ಸೇರಿಸಿ ಕೌದಿ ಅನ್ನೋ ಹೊದಿಕೆ ಹೊಲಿಸುತ್ತಾರೆ. ಹೊಲಿದವಳ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಾವು ಗೆಳತಿಯರು ಸೇರಿ ಒಂದು ದೊಡ್ಡ ಕೌದಿ ಹೊಲಿದು ಬಸ್‌ಸ್ಟ್ಯಾಂಡ್ ಪಕ್ಕದ ಗೋಡೆಗೆ ಹಾಕಿದೆವು.

ಬೆಂಗಳೂರಿನಲ್ಲಿ ಜಾಸ್ಮೀನ್ ಪಥೇಜಾ ಬೀದಿ ಕಿರುಕುಳದ ವಿರುದ್ಧ 2003ರಲ್ಲಿ ಶುರು ಮಾಡಿದ ಬ್ಲ್ಯಾಂಕ್ ನಾಯ್ಸ್ ಗುಂಪಿನವರು, ಕಿರುಕುಳ ಆದಾಗ ಹೆಣ್ಣುಮಕ್ಕಳು ತೊಟ್ಟಿದ್ದ ಬಟ್ಟೆಗಳನ್ನೇ ಕೇಳಿ ಪಡೆದು ಜನರ ಮುಂದಿಟ್ಟಿದ್ದು ನಮ್ಮ ತಲೆಯಲ್ಲಿತ್ತು. ನಾವು ಸೀರೆಯ ಜೊತೆ ಒಂದು ಮಾತನ್ನೂ ಕೇಳಿದೆವು. ಮನೆಯಿಂದ ಹೊರಟಾಗ ನಿಮ್ಮ ಕಿವಿಗೆ ಜಾಸ್ತಿ ಬೀಳೋದು ಏನು? "ಇಷ್ಟೊತ್ತಿನ್ಯಾಗ ಎಲ್ಲಿ ಹೊಂಟಿ?" ಇದೇ ಮತ್ತೆ ಮತ್ತೆ ಬಂತು. ಸರಿ, ಅದನ್ನೇ ನಡುವೆ ಬರೆದೆವು.

ಅಕ್ಷರಕ್ಕೆ ಇಳಕಲ್ ಸೀರೆಯ ಕೆಂಪು ಸೆರಗು, ದೂರಕ್ಕೂ ಎದ್ದು ಕಾಣುತ್ತದೆ. ಆದರೆ ಕನ್ನಡ ಅಕ್ಷರ ಎಲ್ಲಾ ಗುಂಡಗೆ! ನೇರ ಎಳೆಯ ಪಟ್ಟಿ ತಿರುವಿನಲ್ಲಿ ಮುದುಡುತ್ತದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿಕೊಂಡರೆ ಹೇಳಿದ ಹಾಗೆ ಬಾಗುತ್ತದೆ, ಸುಕ್ಕು ಬರುವುದಿಲ್ಲ. ಒತ್ತಕ್ಷರದ ಗೋಳು ಬೇರೆ. 'ಷ್ಟೊ' ಒಂದಕ್ಕೇ ಇಡೀ ಮಧ್ಯಾಹ್ನ ಹೋಯಿತು.

ಅಕ್ಷರ ಕೂರಿಸಿದ ಮೇಲೆ ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕ್ರಮ ಹಿಡಿದೆವು: ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರೋದು. ಸುತ್ತ ಕೂತು ಬೇಕಾದಷ್ಟು ಜನ ಒಟ್ಟಿಗೆ ಹೊಲಿಯಬಹುದು, ಮಾತೂ ಸಾಗುತ್ತದೆ. ಮೂಲೆಗೆ ಅವರು ಬಟ್ಟೆ ಮಡಚಿ ಇಡುವ 'ಫೂಲ', ಅಂದರೆ ಹೂವನ್ನೂ ಬಿಡಲಿಲ್ಲ.

ಕೌದಿ ಹೊಲಿಯೋ ಅಜ್ಜಿಯರಿಗೆ ದಿನಗೂಲಿ ಕೊಟ್ಟೆವು. ಖಾಲಿ ಕೂತಾಗ ಮಾಡೋ ಕೆಲಸಕ್ಕೂ ರೊಕ್ಕಾನಾ ಅಂತ ಕೇಳಿದವರಿದ್ದರು. ಹೆಣ್ಣುಮಕ್ಕಳ ಕಲೆ ಅಂತ ಬೋರ್ಡ್ ಹಾಕಿ ಅವರಿಂದಲೇ ಬಿಟ್ಟಿ ದುಡಿಸಿಕೊಳ್ಳೋ ಬದಲು ಸುಮ್ನೆ ಮನೆಯಲ್ಲಿರೋದು ವಾಸಿ ಅಲ್ವಾ? ಕೆಳಗಿನ ಅಂಚಿನಲ್ಲಿ ಅವರೆಲ್ಲರ ಹೆಸರೂ ಇವೆ, ಬಸ್ಸಿನಲ್ಲಿ ಕೂತವರಿಗೂ ಓದಲು ಬರುವಷ್ಟು ದೊಡ್ಡದಾಗಿ. ಒಬ್ಬ ಅಜ್ಜಿ ಗಂಡನ ಹೆಸರು ಸೇರಿಸೋದು ಬ್ಯಾಡ ಅಂತ ಖಡಕ್ಕಾಗಿ ಹೇಳಿದರು.

ಇನ್ನು ಕಟ್ಟುವುದು. ಹತ್ತಿ ನೀರು ಕುಡಿದರೆ ಎತ್ತಲಾರದಷ್ಟು ಭಾರ, ಗೋಡೆಯ ತೇವವನ್ನೂ ಹೀರುತ್ತದೆ. ಅದಕ್ಕೆ ಹಿಂದುಗಡೆ ಚುನಾವಣೆಯ ಹಳೇ ಫ್ಲೆಕ್ಸ್ ಕೊಟ್ಟೆವು, ನಾಯಕರ ಮುಖ ಗೋಡೆ ಕಡೆಗೆ. ಮೇಲಿನ ತುದಿಯನ್ನು ಸೂರಿನ ಹಾಗೆ ಮುಂದಕ್ಕೆ ಮಡಚಿದೆವು. ಬಿಗಿಯಲು ಹಗ್ಗ ಬೇಡ, ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬ್ ಸಾಕು. ಗಾಳಿ ಜೋರಾದರೆ ಹಿಗ್ಗುತ್ತದೆ, ಬಟ್ಟೆ ಹರಿಯುವುದಿಲ್ಲ. ಏನೇ ಮಾಡಿದರೂ ಮುಂಗಾರಿಗೆ ಮೊದಲು ಇಳಿಸಲೇಬೇಕು.

ಈಗ ಇನ್ನೊಂದು ಊರಿನವರು ತಮಗೂ ಬೇಕು ಅಂತಿದ್ದಾರೆ. ಮೊದಲು ಕೂಲಿ ಮಾತಾಡಿ ಅಂದಿದ್ದೇವೆ.