ಮೇಲುಕೋಟೆಯ ಹಾದಿಯಲ್ಲಿ ಒಂದು ದಿನದ ಜಿಯೋಕ್ಯಾಶಿಂಗ್

ಅಕ್ಷಾಂಶ-ರೇಖಾಂಶಗಳ ಜಾಡು ಹಿಡಿದು ಹೋಗಿ, ಯಾರೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ, ಒಳಗಿರುವ ಕಾಗದದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಮರಳಿ ಇಟ್ಟು ಬರುವ ಆಟವೇ ಜಿಯೋಕ್ಯಾಶಿಂಗ್. 2000ದ ಮೇ ತಿಂಗಳ ಆರಂಭದಲ್ಲಿ, ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ನಿಲ್ಲಿಸಿದ ಬೆನ್ನಲ್ಲೇ, ಆರೆಗಾನ್‌ನ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಮೊದಲ ಡಬ್ಬಿಯನ್ನು ಇಟ್ಟರು.

ಬೆಂಗಳೂರಿನಿಂದ ಹೊರಡುವವರಿಗೆ ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ, ಮೇಲುಕೋಟೆ, ಕೆರೆತೊಣ್ಣೂರು, ಪಾಂಡವಪುರಗಳ ಮೂಲಕ ಸಾಗಿ ಮಂಡ್ಯದ ಕಡೆಯಿಂದ ಮರಳುವ ಸುತ್ತು ಒಂದು ದಿನಕ್ಕೆ ಹಿತವಾಗಿದೆ. ಹಿಂದಿನ ರಾತ್ರಿಯೇ ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಈ ದಾರಿಯ ಆಸುಪಾಸನ್ನು ನೋಡಿ, ಆಫ್‌ಲೈನ್ ನಕ್ಷೆಯನ್ನು ಇಳಿಸಿಕೊಳ್ಳಿ. ನಮ್ಮಲ್ಲಿ ಡಬ್ಬಿಗಳು ವಿರಳವಾದ್ದರಿಂದ ಮೂರು-ನಾಲ್ಕು ಸಿಕ್ಕರೂ ದಿನ ತುಂಬುತ್ತದೆ. ಆದರೆ ಪ್ರತಿಯೊಂದರ ಬಗ್ಗೆ ಹಿಂದೆ ಹುಡುಕಿದವರು ಆ್ಯಪ್‌ನಲ್ಲಿ ಬರೆದ ದಾಖಲೆಗಳನ್ನು ಓದಿ, ಇತ್ತೀಚೆಗೆ ಬಂದವರೆಲ್ಲ ಬರಿಗೈಯಲ್ಲಿ ಮರಳಿದ್ದರೆ ಅದನ್ನು ಕೈಬಿಡಿ. ಹುಡುಕಾಟದ ಕಷ್ಟಕ್ಕೂ ನೆಲದ ಕಷ್ಟಕ್ಕೂ 1ರಿಂದ 5ರವರೆಗೆ ಬೇರೆ ಬೇರೆ ಅಂಕಗಳಿರುತ್ತವೆ. ಮಕ್ಕಳೊಂದಿಗೆ ಹೋಗುವವರು ಎರಡರಲ್ಲೂ 2ನ್ನು ದಾಟದಿರುವುದು ಒಳ್ಳೆಯದು.

ಹೊಸಬರು ಹೆಚ್ಚಾಗಿ ಎಡವುವುದು ಅಂಕಿಗಳಲ್ಲಿ. ಜಿಯೋಕ್ಯಾಶಿಂಗ್‌ನಲ್ಲಿ ಸ್ಥಳವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುತ್ತಾರೆ. ಉತ್ತರ 12 ಡಿಗ್ರಿ 39.500 ಮಿನಿಟು ಎಂದರೆ 12.6583 ಡಿಗ್ರಿ. ಅದನ್ನೇ 12.395 ಎಂದು ನಕ್ಷೆಗೆ ತುಂಬಿದರೆ ಸುಮಾರು 29 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿಬಿಡುತ್ತೀರಿ.

ಸ್ಥಳದಿಂದ ಹತ್ತು ಮೀಟರ್ ದೂರಕ್ಕೆ ಬಂದ ಮೇಲೆ ಫೋನನ್ನು ಜೇಬಿಗೆ ಹಾಕಿ. ಬಂಡೆಗಳ ಸಂದಿಯಲ್ಲಿ, ಮರದ ನೆರಳಿನಲ್ಲಿ ಬಾಣದ ಗುರುತು ಅತ್ತಿತ್ತ ಜಿಗಿಯುತ್ತಿರುತ್ತದೆ. ಅಲ್ಲಿಂದಾಚೆಗೆ ಕಣ್ಣನ್ನೇ ನಂಬಬೇಕು. ಒಂದರ ಮೇಲೊಂದು ತೀರ ಒಪ್ಪವಾಗಿ ಕುಳಿತ ಕಲ್ಲುಗಳು, ಬೇರಿನ ಪೊಟರೆಯನ್ನು ಮುಚ್ಚಿದ ತೊಗಟೆ, ಇಂಥವನ್ನು ಗಮನಿಸಿ. ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಏಕೆಂದರೆ ಬಿಸಿಲೇರಿದಾಗ ಹಾವುಗಳು ತಂಪು ಹುಡುಕಿಕೊಂಡು ಅಲ್ಲಿಗೇ ಬರುತ್ತವೆ. ಎಷ್ಟೋ ಡಬ್ಬಿಗಳು ಹಳೆಯ ಫಿಲಂ ರೋಲಿನ ಡಬ್ಬಿಯಷ್ಟೇ ಇರುತ್ತವೆ. ಒಳಗೆ ಬೀಡಿಯಂತೆ ಸುತ್ತಿದ ಕಾಗದದ ಪಟ್ಟಿ, ಅದೂ ಮಳೆಗಾಲದ ನಂತರ ತೇವ ಹಿಡಿದು ಮೆತ್ತಗಾಗಿರುತ್ತದೆ. ಅದರ ಮೇಲೆ ಪೆನ್ನಿನ ಶಾಯಿ ಹರಡುತ್ತದೆ, ಆದ್ದರಿಂದ ಪೆನ್ಸಿಲನ್ನೇ ಒಯ್ಯಿರಿ.

ಹೊಲದ ಬದುವಿನಲ್ಲಿ ಬಗ್ಗಿ ಹುಡುಕುವಾಗ "ಏನ್ ಕಳ್ಕೊಂಡ್ರಿ ಸ್ವಾಮಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜವನ್ನೇ ಹೇಳಿ, ಫೋನನ್ನು ತೋರಿಸಿ. ಬೆಳೆ ನಿಂತ ಗದ್ದೆಗೆ ಯಜಮಾನರ ಒಪ್ಪಿಗೆಯಿಲ್ಲದೆ ಇಳಿಯಬೇಡಿ. ಮೇಲುಕೋಟೆಯ ಕಲ್ಯಾಣಿಯಲ್ಲಾಗಲಿ ತೊಣ್ಣೂರಿನ ದೇಗುಲಗಳಲ್ಲಾಗಲಿ ಒಂದು ಕಲ್ಲನ್ನೂ ಕದಲಿಸಬಾರದು. ಕಲ್ಲು ಕಿತ್ತರಷ್ಟೇ ಸಿಗುವ ಡಬ್ಬಿಯಿದ್ದರೆ ಅದನ್ನು ಹುಡುಕದೆ ಮುಂದೆ ಹೋಗಿ.

ಬೆಳಕಿರುವಾಗಲೇ ಕೊನೆಯ ಹುಡುಕಾಟ ಮುಗಿಯುವಂತೆ ನೋಡಿಕೊಂಡು, ಸಂಜೆ ತೊಣ್ಣೂರು ಕೆರೆಯ ಏರಿಯ ಮೇಲೆ ಕುಳಿತು ಅಂದಿನ ದಾಖಲೆಗಳನ್ನು ಬರೆಯಿರಿ. ಸಿಗದ ಡಬ್ಬಿಯನ್ನು ಸಿಗಲಿಲ್ಲವೆಂದೇ ನಮೂದಿಸಿ, ಪಟ್ಟಿ ನೆಂದಿದ್ದರೆ ಅದನ್ನೂ ತಿಳಿಸಿ. ಡಬ್ಬಿ ಇಟ್ಟವರು ಅದನ್ನು ಓದಿಯೇ ಹೊಸ ಕಾಗದ ಹಿಡಿದು ಬರುತ್ತಾರೆ.