ಟೋಗಾಫ್ ಪರೀಕ್ಷೆಗೆ ಓದಿದ್ದು, ಅಪ್ಪನ ಗಾರೆ ಕೆಲಸದ ಮಾತಿನಲ್ಲಿ

ಟೋಗಾಫ್ ಅಂದರೆ ಒಂದು ಸಂಸ್ಥೆಯ ಕೆಲಸ, ಸಾಫ್ಟ್‌ವೇರ್ ಎಲ್ಲ ಹೇಗೆ ಹೊಂದಿಕೊಂಡಿರಬೇಕು ಅಂತ ನಕ್ಷೆ ಮಾಡುವ (ಎಂಟರ್‌ಪ್ರೈಸ್ ಆರ್ಕಿಟೆಕ್ಚರ್) ಪದ್ಧತಿ. ಅದರ ಪರೀಕ್ಷೆಯ ಎರಡನೇ ಭಾಗದಲ್ಲಿ ಮೊದಲ ಸಲ ನನಗೆ 40ಕ್ಕೆ ಬಂದದ್ದು 21. ಪಾಸಾಗಲು 24 ಬೇಕು. ಮೊದಲ ಭಾಗ ಸಲೀಸಾಗಿ ಮುಗಿದಿತ್ತು. ಎರಡನೆಯದರಲ್ಲಿ ಪುಸ್ತಕ ನೋಡಿಕೊಂಡು ಉತ್ತರಿಸಬಹುದು, ಇನ್ನೂ ಸುಲಭ ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ. ಫೇಲಾದವರು ಮತ್ತೆ ಬರೆಯಲು ಒಂದು ತಿಂಗಳು ಕಾಯಬೇಕು. ಆ ಒಂದು ತಿಂಗಳಲ್ಲಿ ಓದುವ ರೀತಿಯನ್ನೇ ಬದಲಿಸಿದೆ. ಎರಡನೇ ಸಲ 32 ಬಂತು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, 16 ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ನನ್ನ ಹಾಗೇ ಬಂದವರು ಈಗ ಈ ಪರೀಕ್ಷೆಗೆ ಕೂರುತ್ತಿದ್ದರೆ, ಅವರಿಗಾಗಿ ಇದು.

ಮೊದಲು ಪರೀಕ್ಷೆಯ ಲೆಕ್ಕ. ದಿ ಓಪನ್ ಗ್ರೂಪ್ ನಡೆಸುವ ಈ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು 40 ಪ್ರಶ್ನೆ, 60 ನಿಮಿಷ, ಪುಸ್ತಕ ಇಲ್ಲ. 24 ಸರಿಯಾದರೆ ಪಾಸ್. ಎರಡನೆಯದು 8 ಪ್ರಶ್ನೆ, 90 ನಿಮಿಷ. ಒಂದೊಂದು ಪ್ರಶ್ನೆಗೂ ಉದ್ದನೆಯ ಕಥೆ, ಕೆಳಗೆ ನಾಲ್ಕು ಉದ್ದುದ್ದ ಉತ್ತರ. ಅತ್ಯುತ್ತಮ ಉತ್ತರಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1, ಪೂರಾ ತಪ್ಪಿಗೆ 0.

ಇಲ್ಲೊಂದು ವಿಷಯ ಗಮನಿಸಿ. ಎಂಟೂ ಪ್ರಶ್ನೆಗೆ ಎರಡನೇ ಒಳ್ಳೆಯ ಉತ್ತರವನ್ನೇ ಆರಿಸಿದರೂ ಎಂಟು ಮೂರ್ಲಿ 24, ಪಾಸ್! ಅಂದರೆ ಈ ಪರೀಕ್ಷೆಯಲ್ಲಿ ಮುಳುಗಿಸುವುದು ಸೊನ್ನೆಗಳು. ಮೊದಲು ಸೊನ್ನೆಯ ಉತ್ತರವನ್ನು ಗುರುತಿಸಿ ಪಕ್ಕಕ್ಕಿಡುವುದನ್ನು ಕಲಿಯಿರಿ. ಅತ್ಯುತ್ತಮ ಯಾವುದು ಅಂತ ಹುಡುಕುವುದು ಆಮೇಲೆ.

ಓದಲು ಏನು ಬೇಕು? ಟೋಗಾಫ್‌ನ ಹತ್ತನೇ ಆವೃತ್ತಿ 2022ರಲ್ಲಿ ಬಂತು. ಅದರ ಮೂಲ ಭಾಗದಲ್ಲಿ ಆರು ಪುಸ್ತಕಗಳಿವೆ. ಅದನ್ನು ಬಳಸುವ ರೀತಿ ವಿವರಿಸುವ ಸೀರೀಸ್ ಗೈಡ್‌ಗಳು ಬೇರೆ. ಸುಮ್ನೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಹೋಗಬೇಡಿ, ಎರಡನೇ ವಾರಕ್ಕೇ ಸುಸ್ತಾಗುತ್ತದೆ. ಎಡಿಎಂ (ಆರ್ಕಿಟೆಕ್ಚರ್ ಡೆವಲಪ್‌ಮೆಂಟ್ ಮೆಥಡ್, ಅಂದರೆ ನಕ್ಷೆ ಮಾಡಿ ಜಾರಿಗೆ ತರುವ ಹಂತಗಳು) ಪುಸ್ತಕವನ್ನು ಮೊದಲು ಹಿಡಿಯಿರಿ. ಪೀಠಿಕೆಯ ಹಂತ, ಎ ಇಂದ ಎಚ್‌ವರೆಗೆ ಎಂಟು ಹಂತ, ನಡುವೆ ರಿಕ್ವೈರ್‌ಮೆಂಟ್ಸ್ ಮ್ಯಾನೇಜ್‌ಮೆಂಟ್, ಅಂದರೆ ಏನೇನು ಬೇಕು ಅನ್ನುವುದರ ನಿರ್ವಹಣೆ. ಈ ಚಕ್ರವನ್ನು ಕಣ್ಣು ಮುಚ್ಚಿ ಬರೆಯುವಷ್ಟು ಅಭ್ಯಾಸ ಮಾಡಿ. ಉಳಿದದ್ದೆಲ್ಲ ಈ ಚಕ್ರಕ್ಕೇ ನೇತುಹಾಕಿಕೊಂಡಿರುತ್ತದೆ.

ಇನ್ನು ನಾನು ಓದಿದ ರೀತಿ. ನಮ್ಮಪ್ಪ ತುಮಕೂರಿನ ಕಡೆ ಮೇಸ್ತ್ರಿ. ನಲವತ್ತು ವರ್ಷ ಮನೆ ಕಟ್ಟಿದವರು. ಫೇಲಾದ ವಾರ ಊರಿಗೆ ಹೋಗಿದ್ದೆ. "ಅದರಲ್ಲಿ ಏನು ಕೇಳ್ತಾರಮ್ಮ?" ಅಂತ ಅಪ್ಪ ಕೇಳಿದರು. ಹೇಳಲು ಹೊರಟರೆ ಬಾಯಿಂದ ಬರೀ ಇಂಗ್ಲಿಷ್ ಪದಗಳೇ ಬಂದವು. ವ್ಯಾಖ್ಯಾನಗಳು ಬಾಯಿಪಾಠ ಆಗಿದ್ದವು, ವಿಷಯ ಅರ್ಥವಾಗಿರಲಿಲ್ಲ. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ದಿನಾ ಸಂಜೆ ಅಪ್ಪನಿಗೆ ಫೋನ್ ಮಾಡಿ ಒಂದು ವಿಷಯವನ್ನು ಕನ್ನಡದಲ್ಲಿ, ಮನೆ ಕಟ್ಟುವ ಉದಾಹರಣೆ ಕೊಟ್ಟು ಹೇಳಬೇಕು. ಅಪ್ಪ "ಹೂಂ, ಗೊತ್ತಾಯ್ತು" ಅಂದರೆ ಆ ವಿಷಯ ಮುಗಿದ ಹಾಗೆ.

ಉದಾಹರಣೆಗೆ, ಕಾಗದಪತ್ರಗಳ ಗೊಂದಲ. ರಿಕ್ವೆಸ್ಟ್ ಫಾರ್ ಆರ್ಕಿಟೆಕ್ಚರ್ ವರ್ಕ್, ಸ್ಟೇಟ್‌ಮೆಂಟ್ ಆಫ್ ಆರ್ಕಿಟೆಕ್ಚರ್ ವರ್ಕ್, ಆರ್ಕಿಟೆಕ್ಚರ್ ಕಾಂಟ್ರಾಕ್ಟ್. ಮೂರೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಮನೆ ಯಜಮಾನರು ಬಂದು "ಒಂದು ಮನೆ ಆಗ್ಬೇಕು, ನೋಡಿ" ಅನ್ನುವುದು ರಿಕ್ವೆಸ್ಟ್. "ಇಷ್ಟು ದಿನದಲ್ಲಿ ಇಂಥಿಂಥ ನಕ್ಷೆ ಮಾಡಿಕೊಡುತ್ತೇವೆ" ಅಂತ ಬರೆದು ಒಪ್ಪಿಗೆ ಪಡೆಯುವುದು ಸ್ಟೇಟ್‌ಮೆಂಟ್, ಅದು ಎ ಹಂತದ್ದು. ಕಟ್ಟುವವರು "ನಕ್ಷೆಯಲ್ಲಿ ಇದ್ದ ಹಾಗೇ ಕಟ್ಟುತ್ತೇವೆ" ಅಂತ ಒಪ್ಪುವುದು ಕಾಂಟ್ರಾಕ್ಟ್. ಅದರ ಕೆಲಸ ಇರುವುದು ಕಟ್ಟಡ ಏಳುವ ಜಿ ಹಂತದಲ್ಲಿ.

ಗ್ಯಾಪ್ ಅನಾಲಿಸಿಸ್, ಅಂದರೆ ಈಗ ಇರುವುದಕ್ಕೂ ಮುಂದೆ ಬೇಕಾದದ್ದಕ್ಕೂ ಇರುವ ಅಂತರ ನೋಡುವುದು, ಅಪ್ಪನಿಗೆ ತುಂಬ ಇಷ್ಟವಾಯಿತು. ಒಂದು ಕೋಷ್ಟಕ ಹಾಕಿ. ಎಡಗಡೆ ಮೇಲಿಂದ ಕೆಳಕ್ಕೆ ಈಗ ಇರುವುದನ್ನೆಲ್ಲ ಬರೆಯಿರಿ: ಬಾವಿ, ಹಂಡೆ ಒಲೆ, ಜಗಲಿ. ಮೇಲುಗಡೆ ಅಡ್ಡಲಾಗಿ ಮುಂದೆ ಬೇಕಾದದ್ದು: ಬೋರ್‌ವೆಲ್, ಗೀಸರ್, ಕಾರು ನಿಲ್ಲಿಸುವ ಜಾಗ. ಕೊನೆಗೆ ಬಲಗಡೆ 'ತೆಗೆದದ್ದು' ಅನ್ನುವ ಕಂಬಸಾಲು, ಕೆಳಗಡೆ 'ಹೊಸದು' ಅನ್ನುವ ಅಡ್ಡಸಾಲು. ಬಾವಿಯ ಜಾಗಕ್ಕೆ ಬೋರ್‌ವೆಲ್, ಒಲೆಯ ಜಾಗಕ್ಕೆ ಗೀಸರ್ ಬಂತು. ಕಾರಿನ ಜಾಗ ಹೊಸದು. ಜಗಲಿಗೆ ಮಾತ್ರ ಜೊತೆ ಸಿಗಲಿಲ್ಲ, 'ತೆಗೆದದ್ದು' ಸಾಲಿಗೆ ಬಿತ್ತು. ಆಗ ಕೇಳಬೇಕಾದ ಪ್ರಶ್ನೆ: ಬೇಕಂತಲೇ ತೆಗೆದೆವಾ, ಮರೆತುಬಿಟ್ಟೆವಾ?

ಇಷ್ಟು ಹೇಳುವಾಗ ಅಪ್ಪ ಅಂದರು, "ನಮ್ಮನೆ ಹೊಸದಾಗಿ ಕಟ್ಟುವಾಗ ಅದೇ ಆಗಿದ್ದು ಕಣಮ್ಮ. ತಳಪಾಯ ಹಾಕಿದ ಮೇಲೆ ನಿಮ್ಮಮ್ಮ ಜಗಲಿ ಎಲ್ಲಿ ಅಂತ ಕೇಳಿದಳು." ಆ ಕೋಷ್ಟಕ ಇವತ್ತಿಗೂ ನನಗೆ ಮರೆತಿಲ್ಲ. ಪರೀಕ್ಷೆ ಕೇಳುವುದೂ ಇದನ್ನೇ.

ಎಲ್ಲರೂ ತಡವರಿಸುವ ಇನ್ನೊಂದು ಜಾಗ ಕಂಪ್ಲಯನ್ಸ್ ಮಟ್ಟಗಳು, ಅಂದರೆ ಕಟ್ಟಿದ್ದು ನಕ್ಷೆಗೆ ಎಷ್ಟು ಹೊಂದುತ್ತದೆ ಅನ್ನುವುದು. ಆರಿವೆ. ನಕ್ಷೆ ಮತ್ತು ಕಟ್ಟಿದ ಮನೆ, ಎರಡನ್ನೂ ಕಣ್ಣ ಮುಂದೆ ಇಟ್ಟುಕೊಳ್ಳಿ. ನಕ್ಷೆಯಲ್ಲಿದ್ದ ಕೆಲವನ್ನು ಕಟ್ಟಿಲ್ಲ, ಆದರೆ ಕಟ್ಟಿದ್ದೆಲ್ಲ ನಕ್ಷೆಯಲ್ಲಿದೆ: ಕಂಪ್ಲಯಂಟ್. ನಕ್ಷೆಯಲ್ಲಿದ್ದದ್ದೆಲ್ಲ ಕಟ್ಟಿ, ಮೇಲೆ ನಕ್ಷೆಯಲ್ಲಿಲ್ಲದ ಒಂದು ಕೋಣೆಯನ್ನೂ ಸೇರಿಸಿದ್ದಾರೆ: ಕನ್ಫಾರ್ಮಂಟ್. ಕೆಲವನ್ನು ಬಿಟ್ಟಿದ್ದಾರೆ, ಕೆಲವನ್ನು ಸೇರಿಸಿದ್ದಾರೆ, ಆದರೆ ನಕ್ಷೆಯಿಂದ ತೆಗೆದುಕೊಂಡಷ್ಟನ್ನು ಸರಿಯಾಗಿ ಕಟ್ಟಿದ್ದಾರೆ: ಕನ್ಸಿಸ್ಟಂಟ್. ನಕ್ಷೆಗೂ ಮನೆಗೂ ಕೂದಲೆಳೆಯ ವ್ಯತ್ಯಾಸ ಇಲ್ಲ: ಫುಲ್ಲಿ ಕನ್ಫಾರ್ಮಂಟ್. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಇರ್ರೆಲೆವಂಟ್. ನಕ್ಷೆಯಲ್ಲಿದ್ದ ಯಾವುದನ್ನಾದರೂ ನಕ್ಷೆಗೆ ವಿರುದ್ಧವಾಗಿ ಕಟ್ಟಿದ್ದರೆ ನಾನ್‌ಕನ್ಫಾರ್ಮಂಟ್. ಕಂಪ್ಲಯಂಟ್ ಮತ್ತು ಕನ್ಫಾರ್ಮಂಟ್ ಅದಲುಬದಲಾಗದಂತೆ ಈ ಎರಡು ಮನೆಗಳ ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ.

ಎರಡನೇ ಭಾಗದ ಅಭ್ಯಾಸ ಬೇರೆಯೇ. ಒಂದು ಪ್ರಶ್ನೆಗೆ ಸಿಗುವುದು ಸುಮಾರು 11 ನಿಮಿಷ. ಪುಸ್ತಕ ಪರದೆಯ ಮೇಲೇ ಇರುತ್ತದೆ, ನಿಜ. ಮೊದಲ ಸಲ ನಾನು ಪ್ರತಿ ಪ್ರಶ್ನೆಗೂ ಅದರಲ್ಲಿ ಹುಡುಕುತ್ತ ಕೂತೆ. ಕೊನೆಯ ಎರಡು ಕಥೆಗಳನ್ನು ಪೂರ್ತಿ ಓದಲೂ ಆಗಲಿಲ್ಲ. ಪುಸ್ತಕ ಇರುವುದು ಎರಡು ಉತ್ತರಗಳ ನಡುವೆ ಅನುಮಾನ ಬಂದಾಗ ಒಂದು ಪುಟ ತೆಗೆದು ನೋಡಲಿಕ್ಕೆ. ಆ ಪುಟ ಯಾವ ಅಧ್ಯಾಯದಲ್ಲಿದೆ ಅಂತ ಮೊದಲೇ ಗೊತ್ತಿರಬೇಕು.

ಕಥೆಯನ್ನು ಮೇಲಿಂದ ಓದಬೇಡಿ. ಮೊದಲು ಕೊನೆಯ ಪ್ಯಾರಾ, ಅಂದರೆ ಪ್ರಶ್ನೆ. ಆಮೇಲೆ ಕಥೆಯಲ್ಲಿ ಮೂರನ್ನು ಹುಡುಕಿ: ನಾನು ಯಾರು, ಯಾವ ಹಂತದಲ್ಲಿದ್ದೇನೆ, ಯಾರಿಗೆ ಏನು ಚಿಂತೆ. ಒಂದು ಕಥೆ ಮಾಡಿಕೊಳ್ಳೋಣ. ಎರಡು ಆಸ್ಪತ್ರೆಗಳು ಒಂದಾಗುತ್ತಿವೆ, ನೀವು ಮುಖ್ಯ ಆರ್ಕಿಟೆಕ್ಟ್, ಈಗ ಎ ಹಂತ, ಅಂದರೆ ಏನು ಆಗಬೇಕು ಅನ್ನುವ ಒಟ್ಟು ಚಿತ್ರ ಹಾಕುವ ಹಂತ. ರೋಗಿಗಳ ಮಾಹಿತಿ ಸೋರಿಹೋಗುತ್ತದೆ ಅಂತ ವೈದ್ಯರಿಗೆ ಭಯ, ಖರ್ಚು ಜಾಸ್ತಿಯಾಗುತ್ತದೆ ಅಂತ ಆಡಳಿತಕ್ಕೆ ಭಯ. ಏನು ಮಾಡುತ್ತೀರಿ? ಒಂದು ಉತ್ತರ, ತಕ್ಷಣ ಹೊಸ ಸಾಫ್ಟ್‌ವೇರ್ ಆರಿಸಿ ಹಳೆಯದರಿಂದ ಅದಕ್ಕೆ ದಾಟುವ ಯೋಜನೆ ಮಾಡಿ ಅನ್ನುತ್ತದೆ. ಅದು ಇ, ಎಫ್ ಹಂತದ ಕೆಲಸ, ಇಲ್ಲಿ ಸೊನ್ನೆ. ಇನ್ನೊಂದು, ವಾರಕ್ಕೊಮ್ಮೆ ಎಲ್ಲರಿಗೂ ಒಂದೇ ವರದಿ ಕಳಿಸಿ ಅನ್ನುತ್ತದೆ. ಕೆಟ್ಟದ್ದಲ್ಲ, ಆದರೆ ಯಾರ ಚಿಂತೆಯನ್ನೂ ಕೇಳಿಲ್ಲ. ಮತ್ತೊಂದು, ಸ್ಟೇಕ್‌ಹೋಲ್ಡರ್‌ಗಳನ್ನು (ಈ ಬದಲಾವಣೆಗೆ ಸಂಬಂಧಪಟ್ಟವರನ್ನು) ಗುರುತಿಸಿ ಚಿಂತೆಗಳನ್ನು ಪಟ್ಟಿ ಮಾಡಿ ಅನ್ನುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಕೊನೆಯದು ಅದನ್ನೂ ಮಾಡಿ, ವೈದ್ಯರಿಗೆ ಬೇಕಾದ ವ್ಯೂ (ಅವರವರ ಚಿಂತೆಗೆ ಉತ್ತರಿಸುವ ಚಿತ್ರ) ಬೇರೆ, ಆಡಳಿತಕ್ಕೆ ಬೇರೆ ಸಿದ್ಧಪಡಿಸಿ, ಅಪಾಯಗಳನ್ನೂ ಅಂದಾಜು ಮಾಡುತ್ತದೆ. ಐದು ಅಂಕ ಅದಕ್ಕೆ. ದಿನಕ್ಕೆ ಎರಡೇ ಕಥೆ ಬಿಡಿಸಿ, ಆದರೆ ಪ್ರತಿ ಉತ್ತರಕ್ಕೂ ಎಷ್ಟು ಅಂಕ, ಯಾಕೆ ಅಂತ ಒಂದು ಸಾಲು ಬರೆಯಿರಿ.

ಇಂಟರ್‌ನೆಟ್‌ನಲ್ಲಿ ಸಿಗುವ 'ನಿಜವಾದ ಪ್ರಶ್ನೆಗಳು' ಅನ್ನುವ ಕಂತೆಗಳನ್ನು ಮುಟ್ಟಬೇಡಿ. ಅದು ಮೋಸ. ಮೇಲಾಗಿ ನಾನು ಕಂಡ ಒಂದು ಕಂತೆಯಲ್ಲಿ ಉತ್ತರಗಳೇ ತಪ್ಪಿದ್ದವು.

ಪರೀಕ್ಷೆಯನ್ನು ಪಿಯರ್‌ಸನ್ ವಿಯುಇ ಎಂಬ ಕಂಪನಿಯ ಪರೀಕ್ಷಾ ಸೆಂಟರ್‌ನಲ್ಲಿ ಬರೆಯಬಹುದು, ಮನೆಯಿಂದಲೂ ಬರೆಯಬಹುದು. ಮನೆಯಲ್ಲಾದರೆ ಮೇಜು ಖಾಲಿ ಇರಬೇಕು, ಕೋಣೆಯ ಫೋಟೊ ತೆಗೆದು ಕಳಿಸಬೇಕು, ಕಾಗದ ಪೆನ್ನು ಇಟ್ಟುಕೊಳ್ಳುವ ಹಾಗಿಲ್ಲ. ನನಗೆ ಕೈಯಲ್ಲಿ ಬರೆಯದೆ ತಲೆ ಓಡುವುದಿಲ್ಲ, ಹಾಗಾಗಿ ಸೆಂಟರ್ ಆರಿಸಿಕೊಂಡೆ. ಅಲ್ಲಿ ಬರೆದು ಒರೆಸುವ ಹಾಳೆ ಕೊಟ್ಟರು. ಸಮಯ ಶುರುವಾದ ಕೂಡಲೇ ಎಡಿಎಂ ಚಕ್ರ ಬರೆದೆ, ಪಕ್ಕದಲ್ಲಿ ಎ ಹತ್ತಿರ 'ಒಪ್ಪಿಗೆ ಪತ್ರ', ಜಿ ಹತ್ತಿರ 'ಕಟ್ಟುವವರ ಕರಾರು' ಅಂತ ಕನ್ನಡದಲ್ಲೇ ಗುರುತು ಹಾಕಿಕೊಂಡೆ. ಆಮೇಲೆ ಮೊದಲ ಪ್ರಶ್ನೆಯ ಕೊನೆಯ ಪ್ಯಾರಾ ಓದಲು ಶುರು ಮಾಡಿದೆ.