ಮಲೆನಾಡಿನ ಅಂಗಳಕ್ಕೊಂದು ಹೊಂಬಣ್ಣದ ಮರ

ಹೊಂಬಣ್ಣದ ಎಲೆಯ ಸ್ಮೋಕ್ ಟ್ರೀ ಬೇಕು ಅಂತ ಮೊಬೈಲಲ್ಲಿ ಫೋಟೊ ತೋರಿಸುವವರು ಈಗ ಜಾಸ್ತಿ. ತೀರ್ಥಹಳ್ಳಿ ಹತ್ತಿರ ಮನೆ ಪಕ್ಕದಲ್ಲೇ ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ, ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಗಿಡವೇನೋ ಚಂದವೇ. ಹೂವು ಮುಗಿದ ಮೇಲೆ ಗೊಂಚಲಿನ ತೊಟ್ಟುಗಳಲ್ಲಿ ಎಳೆ ಎಳೆಯಾಗಿ ರೋಮ ಬಂದು, ದೂರದಿಂದ ಗಿಡದ ಮೇಲೆ ಹೊಗೆ ಆಡಿದ ಹಾಗೆ ಕಾಣುತ್ತದೆ. ನಮ್ಮ ಮಾವು, ಗೇರಿನ ಕುಟುಂಬದ್ದೇ. ಆದರೆ ಅದು ದಕ್ಷಿಣ ಯುರೋಪಿನಿಂದ ಹಿಮಾಲಯ, ಚೀನಾವರೆಗಿನ ಒಣ ಕಲ್ಲುಗುಡ್ಡಗಳಲ್ಲಿ ಬೆಳೆದ ಜಾತಿ. ಚಳಿಗಾಲದಲ್ಲಿ ಎಲೆ ಉದುರಿಸಿ ಸರಿಯಾಗಿ ಮಲಗಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಅದನ್ನು ನೆಡಿ ಅಂತ ನಾನು ಹೇಳಲಾರೆ.

ನಿಮಗೆ ಬೇಕಿರುವುದು ಅಂಗಳದ ತುದಿಯಲ್ಲಿ ಹೊಳೆಯುವ ಒಂದು ಹಳದಿ ಮರ ಅಂತಾದರೆ ದಾರಿ ಇದೆ. ನಾನು ಕೊಡುವುದು ಗೋಲ್ಡನ್ ಬಾಟಲ್ ಬ್ರಷ್. ಸಸ್ಯಶಾಸ್ತ್ರದವರು ಮೆಲಲ್ಯೂಕ ಬ್ರಾಕ್ಟಿಯಾಟ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೊಳೆ ದಂಡೆಗಳಲ್ಲಿ ಬೆಳೆಯುವ ಮರ ಇದು, ಅದಕ್ಕೇ ಹಸಿ ಮಣ್ಣನ್ನು ಸ್ಮೋಕ್ ಟ್ರೀಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ನೇರಳೆ, ಪೇರಲೆ, ನೀಲಗಿರಿಯ ಕುಟುಂಬ. ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ. ಕೆಂಪು ಕುಂಚದ ಹಾಗೆ ಹೂ ಬಿಡುವ ಬಾಟಲ್ ಬ್ರಷ್ ಬೇರೆ, ಇದು ಬೇರೆ. ಇದರ ಹೂವು ಸಣ್ಣದು, ಕೆನೆ ಬಣ್ಣದ್ದು. ಇದರ ಅಂದವೆಲ್ಲ ಎಲೆಯಲ್ಲಿ.

ಗಿಡ ತರುವ ಮೊದಲು ಜಾಗ ನೋಡಿ. ಬೇರೆ ಎಲ್ಲದಕ್ಕಿಂತ ಇದು ಮುಖ್ಯ. ಹಳದಿ ಎಲೆಯಲ್ಲಿ ಹಸಿರಿನ ಅಂಶ ಕಡಿಮೆ. ನೆರಳಲ್ಲಿ ಇಟ್ಟರೆ ಗಿಡ ಸಿಕ್ಕಷ್ಟು ಬೆಳಕು ಹಿಡಿಯಲು ಹಸಿರನ್ನು ಹೆಚ್ಚಿಸಿಕೊಳ್ಳುತ್ತದೆ, ಬಣ್ಣ ಮಂಕಾಗುತ್ತದೆ. ನಮ್ಮ ಕಡೆ ಮನೆ ಸುತ್ತ ಹಲಸು, ಅಡಿಕೆ, ತೆಂಗು ಇದ್ದೇ ಇರುತ್ತವೆ ಅಲ್ವಾ? ಬೆಳಿಗ್ಗೆ ಬಿಸಿಲು ಬಿದ್ದ ಜಾಗದಲ್ಲಿ ಮಧ್ಯಾಹ್ನ ಹಲಸಿನ ನೆರಳು ಬಂದಿರುತ್ತದೆ. ಒಂದು ಬಿಸಿಲಿನ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಆಗಾಗ ಹೋಗಿ ನೋಡಿ. ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಕಡೆ ಗೂಟ ಹೊಡೆದು ಗುರುತು ಮಾಡಿ. ಹಾಗೆಯೇ ಅಡಿಕೆ ತೋಟಕ್ಕೆ ತೀರ ಅಂಟಿಕೊಂಡು ನೆಡಬೇಡಿ. ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವಾಗ ಹನಿ ಹಾರಿ ಬಂದು, ಎಲೆಯ ಮೇಲೆಲ್ಲ ನೀಲಿ ಬಿಳಿ ಕಲೆ ಕೂರುತ್ತದೆ. ನೋಡಲು ಬೇಜಾರಾಗುತ್ತದೆ.

ನೆಡುವ ಕಾಲವನ್ನು ನಿಮ್ಮ ಊರಿನ ಮಳೆ ನೋಡಿ ಗೊತ್ತುಮಾಡಿಕೊಳ್ಳಿ. ಶಿವಮೊಗ್ಗ ಪೇಟೆ, ಶಿಕಾರಿಪುರದ ಕಡೆಯವರು ಜೂನ್ ಮಳೆ ಹಿಡಿದ ಕೂಡಲೇ ನೆಟ್ಟರೆ ಸರಿ. ಹೊಸನಗರ, ತೀರ್ಥಹಳ್ಳಿ ಕಡೆ ಘಟ್ಟಕ್ಕೆ ಹತ್ತಿರ ಇರುವವರು ಪುಷ್ಯ, ಆಶ್ಲೇಷ ಮಳೆ ಕಳೆಯಲಿ ಅಂತ ಕಾಯಿರಿ. ಹುಬ್ಬೆ ಮಳೆ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಮಣ್ಣು ಹಸಿಯಾಗಿಯೂ ಇರುತ್ತದೆ, ಗುಂಡಿಯಲ್ಲಿ ನೀರೂ ನಿಲ್ಲುವುದಿಲ್ಲ. ಹೊಳೆ ದಂಡೆಯ ಜಾತಿ ಆದರೂ, ಎಳೇ ಗಿಡವನ್ನು ನಿಂತ ನೀರಿಗೆ ಇಳಿಸುವುದು ನನಗೆ ಇಷ್ಟವಿಲ್ಲ.

ಗುಂಡಿ 2 ಅಡಿ ಅಗಲ, 2 ಅಡಿ ಆಳ ಸಾಕು. ಜಂಬಿಟ್ಟಿಗೆ ನೆಲವಾದರೆ ಹಾರೆಯಿಂದ ತಳವನ್ನೂ ಚುಚ್ಚಿ ಸಡಿಲ ಮಾಡಿ. ಇಲ್ಲದಿದ್ದರೆ ಗುಂಡಿ ಸಿಮೆಂಟ್ ತೊಟ್ಟಿಯ ಹಾಗೆ ನೀರು ಹಿಡಿದು ಕೂರುತ್ತದೆ. ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಸುಣ್ಣ, ಬೂದಿ ಹಾಕಬೇಡಿ, ನಮ್ಮ ಹುಳಿ ಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಬೇರು ತಳದಲ್ಲಿ ಸುರುಳಿ ಸುತ್ತಿದೆಯಾ ನೋಡಿ. ಸುತ್ತಿದ್ದರೆ ಬೆರಳಿಂದ ಬಿಡಿಸಿ, ಬಿಡದಿದ್ದರೆ ಸುರುಳಿಯನ್ನೇ ಕತ್ತರಿಸಿ. ಹಾಗೇ ನೆಟ್ಟ ಗಿಡ ಮೇಲೆ ಬೆಳೆಯುತ್ತದೆ, ಬೇರು ಹರಡುವುದಿಲ್ಲ, ಜೋರು ಗಾಳಿಗೆ ವಾಲುತ್ತದೆ. ಚೀಲದಲ್ಲಿದ್ದ ಮಣ್ಣಿನ ಮಟ್ಟ ನೆಲಕ್ಕಿಂತ ಅರ್ಧ ಗೇಣು ಮೇಲೇ ಇರಲಿ. ಸುತ್ತ ಮಣ್ಣು ಏರಿಸಿ ದಿಬ್ಬ ಮಾಡಿ. ಬಿದಿರು ಗೂಟ ಕೊಟ್ಟು ಬಾಳೆ ಪಟ್ಟೆಯಿಂದ ಸಡಿಲವಾಗಿ ಕಟ್ಟಿ. ಒಂಟಿ ಮರವಾಗಿ ಬೆಳೆಸುವುದಾದರೆ ಸುತ್ತ 8 ಅಡಿ ಬಿಡಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ 3 ಅಡಿ.

ಮೊದಲ ಬೇಸಿಗೆ ದಾಟಿಸುವುದೇ ಕಷ್ಟದ ಕೆಲಸ. ಮಾರ್ಚ್, ಏಪ್ರಿಲಲ್ಲಿ ನಮ್ಮ ಕೆಂಪು ನೆಲ ಕಲ್ಲಾಗುತ್ತದೆ. ವಾರಕ್ಕೆ ಎರಡು ಸಲ ಬುಡ ತೊಯ್ಯುವ ಹಾಗೆ ನೀರು ಕೊಡಿ, ದಿನಾ ಒಂದು ಚೊಂಬು ಸುರಿಯುವುದರಿಂದ ಪ್ರಯೋಜನವಿಲ್ಲ. ದರಕು, ಅಂದರೆ ಉದುರಿದ ಒಣ ಎಲೆ, ಹೊದಿಸಿ, ಆದರೆ ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಡಿ. ತಾಗಿಸಿದರೆ ವರಲೆ (ಗೆದ್ದಲು) ಹತ್ತುವುದು ಗ್ಯಾರಂಟಿ.

ಇನ್ನು ಬಣ್ಣದ ವಿಚಾರ. ಆಷಾಢ, ಶ್ರಾವಣದಲ್ಲಿ "ಗಿಡ ಹಸಿರಾಯ್ತು, ನೀವು ಕೊಟ್ಟ ತಳಿಯೇ ಸರಿ ಇಲ್ಲ" ಅಂತ ಫೋನ್ ಬರುತ್ತದೆ. ವಾರಗಟ್ಟಲೆ ಮೋಡ ಕವಿದಿದ್ದರೆ ಬಣ್ಣ ಇಳಿಯುವುದು ಸಹಜ. ಆಗ ಯೂರಿಯಾ ಹಾಕಬೇಡಿ, ಅದು ಇನ್ನಷ್ಟು ಹಸಿರು ಮಾಡುತ್ತದೆ. ಒಂದು ಕೊಂಬೆ ಕೈಯಲ್ಲಿ ಹಿಡಿದು ನೋಡಿ. ತುದಿಯ ಎಳೆ ಕಡ್ಡಿ ಕೆಂಪು ಛಾಯೆಯದ್ದು. ಅದರ ಸುತ್ತ ಸೂಜಿಯಷ್ಟು ಸಣ್ಣ ಎಲೆಗಳು ಒತ್ತೊತ್ತಾಗಿ, ಹೊರಗೆ ಹಳದಿ, ಒಳಗೆ ಹೋದಷ್ಟೂ ತಿಳಿ ಹಸಿರು. ಹೀಗಿದ್ದರೆ ಗಿಡ ಆರೋಗ್ಯವಾಗಿದೆ. ತುದಿ ಕಂದಾಗಿ ಬಾಗಿ, ಮುಟ್ಟಿದರೆ ಎಲೆ ಉದುರುತ್ತಿದ್ದರೆ ಬುಡ ನೋಡಿ. ನೀರು ನಿಂತಿರಬಹುದು, ಕೂಡಲೇ ಬಸಿಗಾಲುವೆ ತೆಗೆಯಿರಿ. ಕೆಲವೊಮ್ಮೆ ಒಂದೇ ಕೊಂಬೆ ಪೂರಾ ಹಸಿರಾಗಿ, ಉಳಿದವಕ್ಕಿಂತ ಜೋರಾಗಿ ಎದ್ದು ಬರುತ್ತದೆ. ಅದನ್ನು ಬುಡದಲ್ಲೇ ತೆಗೆದುಬಿಡಿ. ಬಿಟ್ಟರೆ ಹಳದಿಯನ್ನು ಹಿಂದಿಕ್ಕಿ ಮರವೆಲ್ಲ ಹಸಿರಾಗುತ್ತದೆ.

ಕತ್ತರಿ ಆಡಿಸುವುದು ದೀಪಾವಳಿ ಕಳೆದ ಮೇಲೆ. ಮಳೆ ಹೋಗಿ ಬಿಸಿಲು ಗಟ್ಟಿಯಾಗಿರುತ್ತದೆ, ಕತ್ತರಿಸಿದ ಮೇಲೆ ಬರುವ ಚಿಗುರೆಲ್ಲ ಚಿನ್ನದ ಬಣ್ಣವೇ. ತುದಿಯಲ್ಲಿ ನಾಲ್ಕು ಬೆರಳಷ್ಟು ಸುತ್ತಲೂ ತೆಗೆದರೆ ಸಾಕು. ಎಲೆಯಿಲ್ಲದ ಹಳೇ ಕಟ್ಟಿಗೆವರೆಗೆ ಕತ್ತಿ ಇಳಿಸಬೇಡಿ, ಅಲ್ಲಿಂದ ಚಿಗುರುವುದು ಕಷ್ಟ. ಬಿಟ್ಟರೆ 10ರಿಂದ 15 ಅಡಿ ಹೋಗುತ್ತದೆ. ನನಗೆ ಗುಂಡಗೆ ಕತ್ತರಿಸಿದ ಗಿಡಕ್ಕಿಂತ, ಸ್ವಲ್ಪ ಸಡಿಲವಾಗಿ ಗಾಳಿಗೆ ಆಡುವ ಮರವೇ ಇಷ್ಟ.

ಒಂದರಿಂದ ಹತ್ತು ಮಾಡಿಕೊಳ್ಳಲು ಬೀಜ ನಂಬಬೇಡಿ, ತಾಯಿಯ ಬಣ್ಣವೇ ಬರುತ್ತದೆ ಅಂತ ಇಲ್ಲ. ಕಡ್ಡಿಯನ್ನೇ ಊರಬೇಕು, ಅದಕ್ಕೆ ನಮ್ಮ ಮಳೆಗಾಲದ ಥಂಡಿ ಗಾಳಿ ಹೇಳಿ ಮಾಡಿಸಿದ್ದು. ತೀರ ಎಳೆಯದೂ ಅಲ್ಲದ, ಪೂರಾ ಬಲಿಯದ 4 ಇಂಚಿನ ಕಡ್ಡಿ ಆರಿಸಿ. ಕೆಳಗಿನ ಅರ್ಧದ ಎಲೆ ಸವರಿ, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿದ ಚೀಲಕ್ಕೆ ಊರಿ. ಮಳೆ ನೇರ ಬೀಳದ, ಬೆಳಕಿರುವ ಜಗಲಿ ಅಂಚಿನಲ್ಲಿಡಿ. ಬೇರು ಬಂತಾ ಅಂತ ಎಳೆದು ನೋಡಬೇಡಿ. ಎರಡು ತಿಂಗಳ ಹೊತ್ತಿಗೆ ತುದಿಯಲ್ಲಿ ಹೊಸ ಚಿಗುರು ಕಂಡರೆ ದೊಡ್ಡ ಚೀಲಕ್ಕೆ ಬದಲಿಸಿ. ನೆಲಕ್ಕೆ ಮುಂದಿನ ವರ್ಷದ ಹುಬ್ಬೆ ಮಳೆಗೆ.